ಊಟ ಬಲ್ಲವನಾದ ಬ್ಯಾಂಟಿಂಗ್

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮಾತನ್ನು ಕಲಿಯಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಊಟವನ್ನೂ ಕಲಿಯಬೇಕೆಂದರೆ ನಗುವವರುಂಟು. ಹುಟ್ಟಿದ ಶಿಶುವಿಗೆ ಹಾಲು ಕುಡಿಯುವುದನ್ನು ಯಾರೂ ಹೇಳಿಕೊಡುವುದಿಲ್ಲ. ಹಸಿದವನಿಗೆ ಉಣ್ಣುವ ಬಗೆಯನ್ನು ಯಾರೂ ಬೋಧಿಸುವುದಿಲ್ಲ. ಹೀಗಿರುವಾಗ ಊಟ ಬಲ್ಲವನಾಗುವುದೆಂದರೆ ಏನು? ಈ ಪ್ರಶ್ನೆಗೆ ತನ್ನ ಅರವತ್ತೈದನೆಯ ವಯಸ್ಸಿನಲ್ಲಿ ಉತ್ತರವನ್ನು ಕಂಡುಕೊಂಡು, ಅದನ್ನು ಇತರರಿಗೂ ತಿಳಿಸಿದ ಒಬ್ಬ ಮನುಷ್ಯನಿದ್ದನು. ಅವನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ಲಂಡನ್ ನಗರದಲ್ಲಿ ಶವಪೆಟ್ಟಿಗೆಗಳನ್ನು ಒದಗಿಸಿ, ಅಂತ್ಯಸಂಸ್ಕಾರದ ಏರ್ಪಾಡುಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ವ್ಯಾಪಾರಿ. ಅವನ ಹೆಸರು ವಿಲಿಯಂ ಬ್ಯಾಂಟಿಂಗ್.

ಬ್ಯಾಂಟಿಂಗನು ಹುಟ್ಟಿದುದು 1796ರಲ್ಲಿ. ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿದ್ದ ಅವನ ಮನೆತನದ ಅಂಗಡಿಗೆ ದೊಡ್ಡ ಹೆಸರಿತ್ತು. ಇಂಗ್ಲೆಂಡಿನ ಅರಸುಮನೆಯ ಅಂತ್ಯಸಂಸ್ಕಾರಗಳ ಹೊಣೆಯನ್ನು ಈ ಮನೆತನವೇ ಹೊತ್ತಿತ್ತು. ಇಂತಹ ವೃತ್ತಿಯಲ್ಲಿ ಶಿಸ್ತು ಬೇಕು, ಗಾಂಭೀರ್ಯ ಬೇಕು, ದುಃಖದಲ್ಲಿರುವವರ ಎದುರು ಒಂದು ಮಾತೂ ಹೆಚ್ಚಾಗದಂತೆ ನಡೆದುಕೊಳ್ಳುವ ಸಂಯಮ ಬೇಕು. ಅವನು ಸೋಮಾರಿಯಾಗಿರಲಿಲ್ಲ. ಹೊಟ್ಟೆಬಾಕನೆಂಬ ಅಪಖ್ಯಾತಿಯೂ ಅವನಿಗಿರಲಿಲ್ಲ. ಆದರೂ ಮೂವತ್ತು ವರ್ಷ ದಾಟಿದ ಮೇಲೆ ಅವನ ಮೈ ಬೆಳೆಯತೊಡಗಿತು. ಒಂದು ವರ್ಷಕ್ಕೆ ಸ್ವಲ್ಪ, ಮರುವರ್ಷಕ್ಕೆ ಇನ್ನೂ ಸ್ವಲ್ಪ. ಹೀಗೆ ಯಾರ ಕಣ್ಣಿಗೂ ಬೀಳದ ಮೆಲ್ಲನೆಯ ನಡೆಯಲ್ಲಿ ಬೊಜ್ಜು ಅವನ ದೇಹವನ್ನು ಆಕ್ರಮಿಸಿತು.

1862ರ ಆಗಸ್ಟ್ ತಿಂಗಳ ಹೊತ್ತಿಗೆ, ಐದು ಅಡಿ ಐದು ಅಂಗುಲ ಎತ್ತರದ ಬ್ಯಾಂಟಿಂಗನ ತೂಕ 202 ಪೌಂಡುಗಳಾಗಿತ್ತು. ಇಂದಿನ ಅಳತೆಯಲ್ಲಿ ಹೇಳುವುದಾದರೆ ಸುಮಾರು 92 ಕಿಲೋಗ್ರಾಂ. ಬಗ್ಗಿ ತನ್ನ ಪಾದರಕ್ಷೆಯ ದಾರವನ್ನು ಕಟ್ಟಿಕೊಳ್ಳುವುದೂ ಅವನಿಗೆ ಕಷ್ಟವಾಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಇಳಿಯುವುದು ಅದಕ್ಕಿಂತಲೂ ಕಷ್ಟ. ಮುಂದಕ್ಕೆ ಕಾಲಿಟ್ಟು ಇಳಿದರೆ ಮೈಭಾರವೆಲ್ಲ ಮಂಡಿ, ಕಾಲುಗಂಟುಗಳ ಮೇಲೆ ಬಿದ್ದು ನೋವಾಗುತ್ತಿತ್ತು. ಆದುದರಿಂದ ಅವನು ಮೆಟ್ಟಿಲಿಗೆ ಬೆನ್ನುಮಾಡಿ, ಮಗುವಿನಂತೆ ಹಿಂದುಹಿಂದಾಗಿ ಒಂದೊಂದೇ ಹೆಜ್ಜೆಯಿಟ್ಟು ಇಳಿಯುತ್ತಿದ್ದನು. ಹೊಕ್ಕುಳಿನ ಬಳಿ ಅಂಡವಾಯುವಿನಂತಹ ಉಬ್ಬು ಕಾಣಿಸಿಕೊಂಡಿತ್ತು. ಕಣ್ಣು ಮಂಜಾಗುತ್ತಿತ್ತು, ಕಿವಿಯೂ ಮಂದವಾಗುತ್ತ ಬಂದಿತ್ತು.

ದೇಹದ ಈ ಬಾಧೆಗಳ ಜೊತೆಗೆ ಮನಸ್ಸಿನ ಬಾಧೆಯೊಂದಿತ್ತು. ಬೀದಿಯಲ್ಲಿ ನಡೆದರೆ ಜನ ತಿರುಗಿ ನೋಡುವರು. ಬಂಡಿಯನ್ನು ಹತ್ತಿದರೆ ಪಕ್ಕದವರು ಮುಖ ಸಿಂಡರಿಸುವರು. ಸಭೆಗೆ ಹೋದರೆ ಹಿಂದಿನಿಂದ ಕುಹಕದ ನಗೆ ಕೇಳಿಬರುವುದು. ಎಷ್ಟೇ ಗಟ್ಟಿ ಮನಸ್ಸಿನವನಾದರೂ ಇಂತಹ ಹಾಸ್ಯದಿಂದ ನೋಯದಿರಲಾರನೆಂದು ಬ್ಯಾಂಟಿಂಗನು ಮುಂದೆ ನಿಸ್ಸಂಕೋಚವಾಗಿ ಬರೆದನು. ನಾಲ್ಕು ಜನರಿರುವಲ್ಲಿಗೆ ಹೋಗುವುದನ್ನೇ ಅವನು ಆದಷ್ಟು ತಪ್ಪಿಸತೊಡಗಿದನು. ಸ್ಥೂಲಕಾಯನಾದವನು ತನ್ನ ಮೈಭಾರದೊಂದಿಗೆ ಊರವರ ನಗೆಯ ಭಾರವನ್ನೂ ಹೊರಬೇಕಾಗುತ್ತದೆ. ಎರಡನೆಯದನ್ನು ತೂಗುವ ತಕ್ಕಡಿಯಿಲ್ಲ.

ಬ್ಯಾಂಟಿಂಗನು ಕೈಕಟ್ಟಿ ಕುಳಿತಿದ್ದನೆಂದು ತಿಳಿಯಬಾರದು. ಅವನು ಮಾಡದ ಪ್ರಯತ್ನವಿರಲಿಲ್ಲ. ಮೊದಲು ಒಬ್ಬ ಹೆಸರಾಂತ ವೈದ್ಯನು ದೇಹಶ್ರಮವನ್ನು ಹೆಚ್ಚಿಸಿಕೊಳ್ಳುವಂತೆ ಹೇಳಿದನು. ಬ್ಯಾಂಟಿಂಗನು ಮುಂಜಾನೆ ಎದ್ದು, ಒಂದೆರಡು ಗಂಟೆಗಳ ಕಾಲ ನದಿಯಲ್ಲಿ ದೋಣಿಗೆ ಹುಟ್ಟುಹಾಕಿದನು. ತೋಳುಗಳು ಬಲಿತವು, ಆದರೆ ಹಸಿವೂ ಬಲಿಯಿತು. ದೋಣಿಯಿಂದ ಇಳಿದವನೇ ಮೊದಲಿಗಿಂತ ಹೆಚ್ಚು ತಿಂದನು. ತೂಕ ಇಳಿಯುವ ಬದಲು ಏರಿತು. ದೋಣಿಯನ್ನು ಬಿಡಬೇಕಾಯಿತು. ಬಳಿಕ ಕುದುರೆ ಸವಾರಿ, ಸಮುದ್ರಸ್ನಾನ, ಹೆಸರಾಂತ ಊರುಗಳ ಖನಿಜಜಲ, ಬಗೆಬಗೆಯ ಔಷಧ, ಒಮ್ಮೊಮ್ಮೆ ಅರೆಹೊಟ್ಟೆ, ಹೀಗೆ ಒಂದಾದಮೇಲೊಂದು ನಡೆದುವು. ಐವತ್ತು ಬಾರಿ ಬಿಸಿಹಬೆಯ ಟರ್ಕಿ ಸ್ನಾನ ಮಾಡಿದರೂ ಇಳಿದುದು ಕೆಲವೇ ಪೌಂಡುಗಳು. ಒಂದೊಂದು ಉಪಾಯಕ್ಕೂ ಒಂದು ಆರಂಭವಿತ್ತು, ಒಂದು ಮುಕ್ತಾಯವಿತ್ತು. ಮುಕ್ತಾಯವಾದೊಡನೆ ಅವನು ಎಂದಿನ ಊಟದ ಮೇಜಿಗೆ ಹಿಂದಿರುಗುತ್ತಿದ್ದನು. ತೂಕವೂ ಅವನೊಡನೆ ಹಿಂದಿರುಗುತ್ತಿತ್ತು.

ಕೊನೆಗೆ ದಾರಿ ತೋರಿದುದು ಕಿವಿ. ಕೇಳುವ ಶಕ್ತಿ ಕುಂದುತ್ತಿದೆಯೆಂದು ಚಿಂತಿಸಿದ ಬ್ಯಾಂಟಿಂಗನು 1862ರ ಆಗಸ್ಟಿನಲ್ಲಿ ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯನ ಬಳಿಗೆ ಹೋದನು. ರಕ್ತಚಲನೆಯನ್ನು ಕಂಡುಹಿಡಿದ ಹದಿನೇಳನೆಯ ಶತಮಾನದ ಹಾರ್ವೆ ಬೇರೆ, ಇವನು ಬೇರೆ. ಈ ಹಾರ್ವೆಯು ಪ್ಯಾರಿಸ್ ನಗರದಲ್ಲಿ ಕ್ಲಾಡ್ ಬರ್ನಾರ್ಡ್ ಎಂಬ ಮಹಾವಿಜ್ಞಾನಿಯ ಉಪನ್ಯಾಸಗಳನ್ನು ಕೇಳಿ ಬಂದಿದ್ದನು. ಯಕೃತ್ತು ಸಕ್ಕರೆಯನ್ನು ಉತ್ಪಾದಿಸುತ್ತದೆಂಬುದನ್ನು ಬರ್ನಾರ್ಡನು ತೋರಿಸಿಕೊಟ್ಟಿದ್ದನು. ಮಧುಮೇಹ, ಸಕ್ಕರೆ, ಪಿಷ್ಟ, ಬೊಜ್ಜು ಇವುಗಳೊಳಗೆ ಏನೋ ಸಂಬಂಧವಿರಬೇಕೆಂದು ಹಾರ್ವೆಯು ಆಲೋಚಿಸುತ್ತಿದ್ದ ಕಾಲವದು. ದನಗಳನ್ನು ಕೊಬ್ಬಿಸಬೇಕಾದಾಗ ರೈತರು ಪಿಷ್ಟ ಹೆಚ್ಚಾಗಿರುವ ಮೇವನ್ನು ಹಾಕುವುದನ್ನೂ ಅವನು ಗಮನಿಸಿದ್ದನು. ರೋಗಿಯ ಕಿವಿಯನ್ನು ಪರೀಕ್ಷಿಸಿದ ಮೇಲೆ ಅವನು ಕೇಳಿದುದು ಕಿವಿಯ ವಿಚಾರವನ್ನಲ್ಲ, ದಿನವೂ ತಿನ್ನುವ ಊಟದ ವಿಚಾರವನ್ನು.

ಬ್ಯಾಂಟಿಂಗನ ನಿತ್ಯದ ಊಟದಲ್ಲಿ ವಿಶೇಷವೇನೂ ಇರಲಿಲ್ಲ. ಬೆಳಿಗ್ಗೆ ಹಾಲಿನೊಡನೆ ಬ್ರೆಡ್ಡು, ಇಲ್ಲವೆ ಹೆಚ್ಚು ಹಾಲು ಸಕ್ಕರೆ ಹಾಕಿದ ಚಹಾ ಮತ್ತು ಬೆಣ್ಣೆ ಸವರಿದ ಬ್ರೆಡ್ಡು. ಮಧ್ಯಾಹ್ನ ಮಾಂಸ, ಬಿಯರು, ಬೇಕಾದಷ್ಟು ಬ್ರೆಡ್ಡು, ಸಿಹಿ ಕಡುಬುಗಳು. ಸಂಜೆ ಮತ್ತೆ ಬೆಳಗಿನಂಥದೇ ಉಪಾಹಾರ. ರಾತ್ರಿ ಹಣ್ಣಿನ ಸಿಹಿತಿಂಡಿ. ಹಾರ್ವೆಯು ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆ ಇವನ್ನು ಆದಷ್ಟು ಬಿಡಬೇಕೆಂದನು. ಅವುಗಳ ಬದಲಿಗೆ ಮಾಂಸ, ಮೀನು, ಆಲೂಗಡ್ಡೆಯನ್ನುಳಿದ ತರಕಾರಿ, ಹಣ್ಣು, ಸಕ್ಕರೆಯಿಲ್ಲದ ಚಹಾ, ಒಂದು ಔನ್ಸಿನಷ್ಟು ಮಾತ್ರ ಸುಟ್ಟ ಬ್ರೆಡ್ಡು ಎಂದು ಗೊತ್ತುಮಾಡಿದನು. ಒಂದೆರಡು ಬಟ್ಟಲು ದ್ರಾಕ್ಷಾರಸದ ಮದ್ಯಕ್ಕೂ ಅನುಮತಿಯಿತ್ತು. ದಿನಕ್ಕೆ ನಾಲ್ಕು ಹೊತ್ತಿನ ಆಹಾರ ನಾಲ್ಕು ಹೊತ್ತಾಗಿಯೇ ಉಳಿಯಿತು. ಉಪವಾಸವಿಲ್ಲ. ತಾನು ನಿಷ್ಪಾಪವೆಂದು ನಂಬಿದ್ದ ಬ್ರೆಡ್ಡು ಸಕ್ಕರೆಗಳೇ ತನಗೆ ಹೊರೆಯಾಗಿದ್ದುವೆಂದು ಕೇಳಿ ಬ್ಯಾಂಟಿಂಗನು ಬೆರಗಾದನು. ಈ ವಿಚಾರವನ್ನು ಮುಂದೆ ಅವನು ಕುದುರೆಯ ಹೋಲಿಕೆಯಿಂದ ವಿವರಿಸಿದನು. ಹುಲ್ಲು, ಧಾನ್ಯಗಳೇ ನಿತ್ಯದ ಮೇವಾಗಿರುವ ಕುದುರೆಗೆ ಕಾಳು ತೊಡಕಾಗುವಂತೆ, ಯೌವನದಲ್ಲಿ ಹಿತವಾಗಿದ್ದ ಆಹಾರ ಇಳಿವಯಸ್ಸಿನಲ್ಲಿ ಅಹಿತವಾಗಬಹುದು ಎಂಬುದು ಅವನ ಮಾತಿನ ಸಾರ. ಕುದುರೆಗೆ ಹುರುಳಿ ಹಾಕಿ ಬಲ್ಲ ನಮ್ಮ ನಾಡಿನವರಿಗೆ ಈ ಹೋಲಿಕೆ ಬೇಗ ಅರ್ಥವಾಗುತ್ತದೆ.

ಮುಂದಿನ ಒಂದು ವರ್ಷದಲ್ಲಿ ನಡೆದುದರಲ್ಲಿ ಪವಾಡವೇನೂ ಇಲ್ಲ. ಅದರ ಹಿರಿಮೆ ಇರುವುದೂ ಅಲ್ಲಿಯೇ. ಬ್ಯಾಂಟಿಂಗನು ಸುಮಾರು ಮೂರು ವಾರಗಳಿಗೊಮ್ಮೆ ತನ್ನನ್ನು ತೂಗಿಕೊಂಡು, ತಾರೀಖಿನೊಡನೆ ತೂಕವನ್ನು ಬರೆದಿಟ್ಟನು. ವ್ಯಾಪಾರದ ಲೆಕ್ಕಪುಸ್ತಕವನ್ನು ಬರೆಯುವ ನಿಷ್ಠೆಯಿಂದಲೇ ತನ್ನ ದೇಹದ ಲೆಕ್ಕವನ್ನೂ ಬರೆದನು. ಒಂದು ಸಲ ಮೂರು ಪೌಂಡು, ಇನ್ನೊಂದು ಸಲ ಎರಡು ಪೌಂಡು, ಇಳಿಕೆ ಅಷ್ಟೇ. ವಾರಕ್ಕೆ ಸರಾಸರಿ ಒಂದು ಪೌಂಡಿಗಿಂತ ತುಸು ಕಡಮೆ. ಆದರೆ 1863ರ ಆಗಸ್ಟಿನ ಕೊನೆಗೆ ತಕ್ಕಡಿ ತೋರಿಸಿದುದು 156 ಪೌಂಡು. ಒಟ್ಟು 46 ಪೌಂಡು, ಎಂದರೆ ಸುಮಾರು 21 ಕಿಲೋಗ್ರಾಂ ಭಾರ ಇಳಿದಿತ್ತು. ಸೊಂಟದ ಸುತ್ತಳತೆ 12 ಅಂಗುಲಗಳಷ್ಟು ತಗ್ಗಿತ್ತು. ಕಿವಿ ಮೊದಲಿಗಿಂತ ಚೆನ್ನಾಗಿ ಕೇಳಿಸತೊಡಗಿತು. ಮೆಟ್ಟಿಲುಗಳನ್ನು ಅವನು ಎಲ್ಲರಂತೆ ಮುಖ ಮುಂದೆಮಾಡಿ ಇಳಿಯತೊಡಗಿದನು. ಇತರರಿಗೆ ಇದು ಸಾಮಾನ್ಯ ಸಂಗತಿ. ಬ್ಯಾಂಟಿಂಗನಿಗಾದರೋ ಅದೊಂದು ಬಿಡುಗಡೆ.

ತಾನು ಪಟ್ಟ ಪಾಡನ್ನು ಇತರರು ಪಡಬಾರದೆಂದು ಅವನು 1863ರಲ್ಲಿ ‘ಸ್ಥೂಲಕಾಯವನ್ನು ಕುರಿತು ಸಾರ್ವಜನಿಕರಿಗೆ ಒಂದು ಪತ್ರ’ ಎಂಬ ಅರ್ಥದ ಹೆಸರಿನಿಂದ ಒಂದು ಕಿರುಹೊತ್ತಗೆಯನ್ನು ಬರೆದು, ಸ್ವಂತ ವೆಚ್ಚದಿಂದ ಅಚ್ಚುಮಾಡಿಸಿ ಬಿಟ್ಟಿಯಾಗಿ ಹಂಚಿದನು. ಬೇಡಿಕೆ ಹೆಚ್ಚಿದ ಮೇಲೆ ಬೆಲೆಯಿಟ್ಟು ಮಾರಿ, ಬಂದ ಲಾಭವನ್ನು ಧರ್ಮಕಾರ್ಯಗಳಿಗೆ ಕೊಟ್ಟನು. ಹೊತ್ತಗೆ ದೇಶದ ಗಡಿಯನ್ನು ದಾಟಿತು. ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆ ಅವನನ್ನು ಟೀಕಿಸಿತು. ‘ಪಂಚ್’ ಎಂಬ ಹಾಸ್ಯಪತ್ರಿಕೆ ಅವನನ್ನು ಗೇಲಿ ಮಾಡಿತು. ಆದರೆ ಜನ ಅವನ ಹೆಸರನ್ನೇ ಕ್ರಿಯಾಪದವಾಗಿ ಮಾಡಿಕೊಂಡರು. ಸ್ವೀಡನ್ ದೇಶದ ಭಾಷೆಯಲ್ಲಿ ತೂಕ ಇಳಿಸಲು ಊಟವನ್ನು ಮಿತಗೊಳಿಸುವುದಕ್ಕೆ ಇಂದಿಗೂ ‘ಬಾಂಟ’ ಎನ್ನುತ್ತಾರೆ. ಬ್ಯಾಂಟಿಂಗನು ತನ್ನ ಹೊಸ ಊಟದ ಕ್ರಮವನ್ನು ಬಿಡಲಿಲ್ಲ. ಎಂಬತ್ತು ವರ್ಷ ದಾಟಿದ ಮೇಲೆ, 1878ರಲ್ಲಿ ಅವನು ಕಾಲವಾದನು.

ಬ್ಯಾಂಟಿಂಗನ ಊಟದ ಪಟ್ಟಿಯನ್ನು ಇಂದು ಯಾರೂ ಹಾಗೆಯೇ ಅನುಸರಿಸಬೇಕಾಗಿಲ್ಲ. ಅದರಲ್ಲಿದ್ದ ಮದ್ಯ ದೇಹಕ್ಕೆ ಹಿತವಲ್ಲ. ಅಷ್ಟೊಂದು ಮಾಂಸವೂ ಅವಶ್ಯಕವಲ್ಲ. ಬೇಳೆಕಾಳು, ಹಾಲು, ಮೊಸರುಗಳನ್ನು ದೂರವಿಡಲು ಕಾರಣವಿಲ್ಲ. ಬೊಜ್ಜಿಗೆ ಸಕ್ಕರೆ ಪಿಷ್ಟಗಳು ಮಾತ್ರವೇ ಕಾರಣವೆಂಬ ಹಾರ್ವೆಯ ತರ್ಕವೂ ಅರೆಸತ್ಯ. ದೇಹ ವ್ಯಯಮಾಡುವುದಕ್ಕಿಂತ ಹೆಚ್ಚಿನ ಶಕ್ತಿ ಯಾವ ಆಹಾರದಿಂದ ಬಂದರೂ, ಮಿಕ್ಕುದು ಮೇದಸ್ಸಾಗಿ ಶೇಖರವಾಗುತ್ತದೆ. ಸಿಹಿ ಚಹಾ, ಬಿಯರು, ಬೆಣ್ಣೆ ಬ್ರೆಡ್ಡುಗಳನ್ನು ಬಿಟ್ಟಾಗ ಬ್ಯಾಂಟಿಂಗನ ಒಟ್ಟು ಆಹಾರವೇ ಕಡಮೆಯಾಯಿತು; ಪ್ರೋಟೀನು ಹೆಚ್ಚಾಗಿದ್ದುದರಿಂದ ಹಸಿವು ಅವನನ್ನು ಕಾಡಲಿಲ್ಲ. ಪಟ್ಟಿ ಹಳೆಯದಾಯಿತು, ಆದರೆ ಅವನು ನಡೆದ ಬಗೆ ಹಳೆಯದಾಗಿಲ್ಲ. ಅವನು ಮೆಲ್ಲನೆ ನಡೆದನು. ಹಸಿವಿನಿಂದ ನರಳದಂತೆ ನಡೆದನು. ನಡೆದ ದೂರವನ್ನು ಬರೆದಿಟ್ಟನು. ಗುರಿ ಮುಟ್ಟಿದ ಮೇಲೂ ನಡೆಯುತ್ತಲೇ ಇದ್ದನು.

ಮೆಲ್ಲನೆ ಏಕೆ ನಡೆಯಬೇಕು? ಇಪ್ಪತ್ತೊಂದು ಕಿಲೋಗ್ರಾಂಗಳನ್ನು ಎರಡೇ ತಿಂಗಳಲ್ಲಿ ಇಳಿಸಬಾರದೇಕೆ? ಈ ಪ್ರಶ್ನೆಗೆ ಉತ್ತರ ಅಮೆರಿಕಾದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ನಡೆದ ಒಂದು ಪ್ರಯೋಗದಿಂದ ದೊರೆಯುತ್ತದೆ. ಎರಡನೆಯ ಮಹಾಯುದ್ಧದಿಂದ ಕ್ಷಾಮಕ್ಕೀಡಾದ ಜನರಿಗೆ ನೆರವಾಗುವ ಬಗೆಯನ್ನು ತಿಳಿಯಲು ಏನ್ಸೆಲ್ ಕೀಸ್ ಎಂಬ ವಿಜ್ಞಾನಿಯು 1944-45ರಲ್ಲಿ ಇದನ್ನು ನಡೆಸಿದನು. ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದೆ ಬೇರೆ ಸೇವೆಗೆ ನಿಂತಿದ್ದ 36 ಮಂದಿ ಯುವಕರು ತಾವಾಗಿ ಮುಂದೆ ಬಂದರು. ಇಪ್ಪತ್ತನಾಲ್ಕು ವಾರಗಳ ಕಾಲ ಅವರಿಗೆ ಎಂದಿನ ಅರ್ಧದಷ್ಟು ಮಾತ್ರ ಆಹಾರ ಕೊಡಲಾಯಿತು. ಅವರ ತೂಕ ನಾಲ್ಕರಲ್ಲೊಂದು ಭಾಗದಷ್ಟು ಇಳಿಯಿತು. ಅದರೊಂದಿಗೆ ಅವರ ಮೈಯ ಬಿಸಿ ತಗ್ಗಿತು, ನಾಡಿಯ ಬಡಿತ ನಿಧಾನವಾಯಿತು, ಸ್ನಾಯುಗಳು ಸೊರಗಿದುವು. ದೇಹ ಎಣ್ಣೆ ಕಡಮೆಯಾದ ದೀಪದಂತೆ ಸಣ್ಣದಾಗಿ ಉರಿಯತೊಡಗಿತು. ಹಗಲಿರುಳೂ ಅವರಿಗೆ ಊಟದ್ದೇ ಧ್ಯಾನ. ಕೆಲವರು ಅಡುಗೆಯ ಪುಸ್ತಕಗಳನ್ನು ಕಾದಂಬರಿಗಳಂತೆ ಓದಿದರು. ಬಳಿಕ ಊಟದ ನಿರ್ಬಂಧ ತೆಗೆದಾಗ, ಎಷ್ಟು ತಿಂದರೂ ಅವರಿಗೆ ತೃಪ್ತಿಯಾಗಲಿಲ್ಲ. ಅವರ ಮೈಯಲ್ಲಿ ಮೇದಸ್ಸು ಮೊದಲಿದ್ದುದಕ್ಕಿಂತಲೂ ಹೆಚ್ಚಾಗಿ ತುಂಬಿಕೊಂಡಿತು.

ಇಲ್ಲಿ ಅವರ ಮನೋದಾರ್ಢ್ಯದ ಕೊರತೆಯೇನೂ ಇರಲಿಲ್ಲ. ದೇಹಕ್ಕೆ ತನ್ನದೇ ಆದ ಎಚ್ಚರವಿದೆ. ಮೇದಸ್ಸಿನ ಕಣಗಳು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ ಮೆದುಳಿಗೆ ಸುದ್ದಿ ಕಳುಹಿಸುತ್ತವೆಯೆಂದು 1994ರಲ್ಲಿ ತಿಳಿದುಬಂದಿತು. ಮೇದಸ್ಸು ಕರಗಿದಂತೆ ಈ ಹಾರ್ಮೋನು ಕಡಮೆಯಾಗುತ್ತದೆ. ‘ಕಣಜ ಬರಿದಾಗುತ್ತಿದೆ’ ಎಂದು ಮೆದುಳು ಗಾಬರಿಗೊಂಡು ಹಸಿವನ್ನು ಹೆಚ್ಚಿಸುತ್ತದೆ, ಖರ್ಚನ್ನು ಕಡಮೆಮಾಡುತ್ತದೆ. ಸಾವಿರಾರು ವರ್ಷಗಳ ಕಾಲ ಕ್ಷಾಮಗಳನ್ನು ಎದುರಿಸಿ ಬದುಕಿದ ಮಾನವಕುಲಕ್ಕೆ ಈ ಎಚ್ಚರವೇ ರಕ್ಷೆಯಾಗಿತ್ತು. ಊಟವನ್ನು ಹಠಾತ್ತನೆ ಕಿತ್ತುಕೊಂಡವನು ಈ ಎಚ್ಚರದೊಡನೆ ಯುದ್ಧಕ್ಕಿಳಿದಂತೆಯೇ ಸರಿ. ಮೆಲ್ಲನೆ ಇಳಿಸಿದವನಿಗೂ ಈ ಎದುರಾಟ ಪೂರ್ತಿಯಾಗಿ ತಪ್ಪುವುದಿಲ್ಲ. ಆದರೆ ಅವನ ಸ್ನಾಯುಬಲ ಉಳಿಯುತ್ತದೆ, ಮತ್ತು ಹೊಸ ಊಟ ಅಭ್ಯಾಸವಾಗಲು ಅವನಿಗೆ ಕಾಲಾವಕಾಶ ಸಿಗುತ್ತದೆ. ಹಸಿವನ್ನು ಹತೋಟಿಯಲ್ಲಿಡುವ ಹೊಸ ಔಷಧಗಳು ಈಚೆಗೆ ಬಂದಿವೆ. ವೈದ್ಯರ ಸಲಹೆಯಂತೆ ಕೆಲವರಿಗೆ ಅವು ಉಪಕಾರಿಗಳು. ಅವನ್ನು ನಿಲ್ಲಿಸಿದಾಗ ಅನೇಕರಲ್ಲಿ ತೂಕ ಮತ್ತೆ ಏರುತ್ತದೆ. ಐವತ್ತು ಟರ್ಕಿ ಸ್ನಾನಗಳಿಂದ ಬ್ಯಾಂಟಿಂಗನು ಕಲಿತ ಪಾಠವೂ ಇದೇ.

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯು ಭಾರತೀಯರಿಗಾಗಿ ಆಹಾರದ ಮಾರ್ಗಸೂಚಿಗಳನ್ನು ಪ್ರಕಟಿಸುತ್ತ ಬಂದಿದೆ. ವಾರಕ್ಕೆ ಅರ್ಧ ಕಿಲೋಗ್ರಾಂನಷ್ಟು ತೂಕ ಇಳಿಯುವುದು ಸುರಕ್ಷಿತವೆಂಬುದು ಅದರ ಅಭಿಪ್ರಾಯ. ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಬ್ಯಾಂಟಿಂಗನು ನಡೆದ ವೇಗವೂ ಹೆಚ್ಚುಕಡಮೆ ಇದೇ ಎಂಬುದು ಗಮನಾರ್ಹ. ತಟ್ಟೆಯ ಸುಮಾರು ಅರ್ಧಭಾಗವನ್ನು ತರಕಾರಿ, ಸೊಪ್ಪು, ಹಣ್ಣು, ಗೆಡ್ಡೆಗಳು ತುಂಬಬೇಕೆಂದು ಆ ಸಂಸ್ಥೆ ಹೇಳುತ್ತದೆ. ನಮ್ಮ ಮನೆಗಳ ತಟ್ಟೆಯಲ್ಲಿ ಸಾಮಾನ್ಯವಾಗಿ ಅನ್ನದ ರಾಶಿ ದೊಡ್ಡದು, ಪಲ್ಯ ಅದರ ಅಂಚಿನಲ್ಲಿ ಒಂದು ಚಿಟಿಕೆ. ರಾಗಿಮುದ್ದೆಯೂ ಜೋಳದ ರೊಟ್ಟಿಯೂ ಉತ್ತಮ ಆಹಾರಗಳೇ. ಆದರೆ ಅವೂ ಪಿಷ್ಟವುಳ್ಳವು, ಅವುಗಳಿಗೂ ಮಿತಿಯುಂಟು. ಅನ್ನವನ್ನು ಒಂದು ಸೌಟು ಕಡಮೆಮಾಡಿ, ಸೊಪ್ಪಿನ ಹುಳಿಯನ್ನೋ ಕಾಳಿನ ಪಲ್ಯವನ್ನೋ ಒಂದು ಸೌಟು ಹೆಚ್ಚಿಸಿದರೆ ಹೊಟ್ಟೆಯೂ ತುಂಬುತ್ತದೆ, ಪೋಷಣೆಯೂ ದೊರೆಯುತ್ತದೆ.

ಸಣ್ಣ ಬದಲಾವಣೆಯ ಬಲವನ್ನು ತಿಳಿಯಲು ಒಂದು ಲೆಕ್ಕವನ್ನು ನೋಡಬಹುದು. ದಿನಕ್ಕೆ ಮೂರು ಲೋಟ ಕಾಫಿ ಕುಡಿಯುವ ಒಬ್ಬನು ಲೋಟಕ್ಕೆ ಎರಡು ಚಿಕ್ಕ ಚಮಚ ಸಕ್ಕರೆ ಹಾಕಿಕೊಳ್ಳುತ್ತಾನೆಂದು ಇಟ್ಟುಕೊಳ್ಳೋಣ. ಅದು ದಿನಕ್ಕೆ ಸುಮಾರು 30 ಗ್ರಾಂ ಸಕ್ಕರೆ, 120 ಕ್ಯಾಲೊರಿ ಶಕ್ತಿ. ದಿನಕ್ಕೆ ಸುಮಾರು 25 ಗ್ರಾಂಗಿಂತ ಕಡಮೆಯಾದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ಮಾಡಿತು. ಕಾಫಿಯೊಂದರಿಂದಲೇ ಆ ಮಿತಿ ದಾಟಿತು. ವರ್ಷಕ್ಕೆ ಇದು 43,800 ಕ್ಯಾಲೊರಿಗಳಾಗುತ್ತದೆ. ಒಂದು ಕಿಲೋಗ್ರಾಂ ಬೊಜ್ಜಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆಯೆಂದು ಎಣಿಸಿದರೆ, ಕಾಗದದ ಲೆಕ್ಕದಲ್ಲಿ ಐದು ಕಿಲೋಗ್ರಾಂಗಿಂತ ಹೆಚ್ಚಾಯಿತು. ದೇಹ ತನ್ನ ಖರ್ಚನ್ನು ಹೊಂದಿಸಿಕೊಳ್ಳುವುದರಿಂದ ನಿಜವಾದ ಫಲ ಇದಕ್ಕಿಂತ ಕಡಮೆಯೇ. ಆದರೂ ದಿನದ ಆರು ಚಮಚಗಳು ಅಲ್ಪವೆಂದು ಅಲಕ್ಷಿಸುವಂತಿಲ್ಲ. ಬಂದುದೂ ಚಮಚದಲ್ಲಿ, ಹೋಗಬೇಕಾದುದೂ ಚಮಚದಲ್ಲಿ. ಇದರೊಡನೆ ನಡಿಗೆ, ಆಟ, ತೋಟದ ಕೆಲಸಗಳು ಸೇರಬೇಕು. ಸಾಕಷ್ಟು ನಿದ್ದೆಯೂ ಬೇಕು. ಊಟವನ್ನು ಹತೋಟಿಗೆ ತಾರದೆ ವ್ಯಾಯಾಮವನ್ನು ಮಾತ್ರ ನಂಬಿದರೆ ದೋಣಿಯ ಕಥೆ ಮರುಕಳಿಸಬಹುದು. ಆದರೆ ಇಳಿದ ತೂಕ ಮತ್ತೆ ಏರದಂತೆ ಕಾಯುವುದರಲ್ಲಿ ವ್ಯಾಯಾಮದ ಪಾತ್ರ ಹಿರಿದು.

ತೂಕ ಇಳಿಸುವ ಊಟಕ್ಕೆ ನಾವು ‘ಪಥ್ಯ’ ಎನ್ನುತ್ತೇವೆ. ಪಥ್ಯವೆಂದರೆ ಕಾಯಿಲೆಯ ದಿನಗಳಲ್ಲಿ ಹಿಡಿದು, ವಾಸಿಯಾದ ಮೇಲೆ ಬಿಡುವ ವ್ರತವೆಂಬ ಭಾವನೆ ರೂಢಿಯಲ್ಲಿದೆ. ಆದರೆ ಆ ಮಾತು ಹುಟ್ಟಿದುದು ‘ಪಥ’ ಎಂಬ ಶಬ್ದದಿಂದ, ಪಥವೆಂದರೆ ದಾರಿ. ಇಂಗ್ಲಿಷಿನ ‘ಡಯಟ್’ ಎಂಬ ಮಾತಿನ ಮೂಲವಾದ ಗ್ರೀಕ್ ಶಬ್ದಕ್ಕೂ ಜೀವನಕ್ರಮವೆಂದೇ ಅರ್ಥ. ಬಿಡುವ ದಿನವನ್ನು ಮೊದಲೇ ಗೊತ್ತುಮಾಡಿಕೊಂಡು ಹಿಡಿದ ಪಥ್ಯ ಬಹುಕಾಲ ನಿಲ್ಲದು. ‘ಈ ಊಟವನ್ನು ಹತ್ತು ವರ್ಷದ ಮೇಲೂ ಸಂತೋಷದಿಂದ ಉಣ್ಣಬಲ್ಲೆನೇ?’ ಎಂಬ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಮಾತ್ರ ಅದು ನಿಜವಾದ ಪಥ್ಯ. ಹಬ್ಬದ ದಿನ ಒಂದು ಹೋಳಿಗೆ ತಿಂದುದರಿಂದ ದಾರಿ ತಪ್ಪಿದಂತಾಗುವುದಿಲ್ಲ. ಮರುದಿನ ದಾರಿಗೆ ಮರಳದಿದ್ದರೆ ಮಾತ್ರ ತಪ್ಪಿದಂತೆ.

ಬೆಳೆಯುವ ವಯಸ್ಸಿನವರು ಒಂದು ಎಚ್ಚರವನ್ನು ಮರೆಯಬಾರದು. ಎಲುಬು, ಸ್ನಾಯು, ಮೆದುಳುಗಳು ಬಲಿಯುತ್ತಿರುವ ಕಾಲದಲ್ಲಿ ತಾವಾಗಿ ಊಟ ಬಿಡುವುದು ಅಪಾಯಕರ. ದೊಡ್ಡವರಿಗೆ ಹಾಕಿದ ತೂಕದ ಅಳತೆ ಮಕ್ಕಳಿಗೆ ಹೊಂದುವುದಿಲ್ಲ. ಸಂದೇಹವಿದ್ದರೆ ಹಿರಿಯರೊಡನೆ ವೈದ್ಯರನ್ನು ಕಾಣಬೇಕು. ಇನ್ನೊಂದು ಎಚ್ಚರ ಎಲ್ಲ ವಯಸ್ಸಿನವರಿಗೂ ಸಲ್ಲುವಂಥದು. ಮೈ ಬೆಳೆಯುವುದಕ್ಕೆ ಊಟದಂತೆ ವಂಶಗುಣ, ಕಾಯಿಲೆ, ಕೆಲವು ಔಷಧಗಳೂ ಕಾರಣವಾಗುತ್ತವೆ. ತರಗತಿಯಲ್ಲಿ ದಪ್ಪನಾದ ಸಹಪಾಠಿಗೆ ಅಡ್ಡಹೆಸರಿಟ್ಟು ನಗುವವರು ಅವನ ಬೊಜ್ಜನ್ನು ಒಂದು ಗುಂಜಿಯಷ್ಟೂ ಕರಗಿಸುವುದಿಲ್ಲ. ಅವನನ್ನು ಆಟದ ಬಯಲಿನಿಂದ ದೂರಮಾಡುತ್ತಾರೆ, ಅಷ್ಟೇ. ಜೊತೆಗೆ ಆಡಲು ಕರೆದವನು ಅವನಿಗೆ ನಿಜವಾದ ಉಪಕಾರ ಮಾಡಿದಂತಾಗುತ್ತದೆ.

ಊಟ ಬಲ್ಲವನೆಂದರೆ ಕಡಮೆ ತಿನ್ನುವವನಲ್ಲ, ಉಪವಾಸ ಮಾಡುವವನೂ ಅಲ್ಲ. ತನ್ನ ವಯಸ್ಸಿಗೆ, ದುಡಿಮೆಗೆ, ದೇಹಕ್ಕೆ ಹೊಂದುವುದು ಯಾವುದು, ಎಷ್ಟು ಎಂಬುದನ್ನು ಅರಿತು, ಅದನ್ನು ದಿನವೂ ಸಮಾಧಾನದಿಂದ ಉಣ್ಣುವವನು. ಮಿತಾಹಾರವೆಂಬುದು ಈ ಅರಿವಿನ ಇನ್ನೊಂದು ಹೆಸರು. ಅದನ್ನು ಅರವತ್ತೈದನೆಯ ವಯಸ್ಸಿನಲ್ಲಿ ಕಲಿತ ಬ್ಯಾಂಟಿಂಗನಿಗೆ ಹದಿನೈದು ವರ್ಷಗಳಿಗೂ ಮೀರಿದ ಹಗುರವಾದ ಬದುಕು ದೊರೆಯಿತು. ಹದಿನೈದನೆಯ ವಯಸ್ಸಿನಲ್ಲಿಯೇ ಕಲಿತವರಿಗೆ ಅದರ ಲಾಭ ಜೀವಮಾನವೆಲ್ಲ ದೊರೆಯುತ್ತದೆ.

ಶಬ್ದಾರ್ಥ

ಅಪಖ್ಯಾತಿ – ಕೆಟ್ಟ ಹೆಸರು
ಏದುಸಿರು – ದಣಿವಿನಿಂದ ವೇಗವಾಗಿ ಬಿಡುವ ಉಸಿರು
ಕಣಜ – ಧಾನ್ಯವನ್ನು ತುಂಬಿಡುವ ಸ್ಥಳ
ಕುಹಕ – ವಂಚನೆ, ಕೊಂಕು
ಗುಂಜಿ – ಗುಲಗಂಜಿ. ಚಿನ್ನ ತೂಗುವ ಸಣ್ಣ ತೂಕ
ಪಿಷ್ಟ – ಧಾನ್ಯ, ಗೆಡ್ಡೆಗಳಲ್ಲಿರುವ ಹಿಟ್ಟಿನ ಅಂಶ
ಮನೋದಾರ್ಢ್ಯ – ಮನಸ್ಸಿನ ಗಟ್ಟಿತನ
ಮೇದಸ್ಸು – ಕೊಬ್ಬು
ಯಕೃತ್ತು – ಪಿತ್ತಜನಕಾಂಗ
ಸ್ಥೂಲಕಾಯ – ದಪ್ಪನಾದ ದೇಹ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ:
1. ಬ್ಯಾಂಟಿಂಗನ ಮನೆತನದ ವೃತ್ತಿ ಯಾವುದು?
2. ಬ್ಯಾಂಟಿಂಗನು ಮೆಟ್ಟಿಲುಗಳನ್ನು ಹಿಂದುಹಿಂದಾಗಿ ಇಳಿಯುತ್ತಿದ್ದುದೇಕೆ?
3. ಹಾರ್ವೆಯು ಯಾರ ಉಪನ್ಯಾಸಗಳನ್ನು ಕೇಳಿದ್ದನು?
4. ವಾರಕ್ಕೆ ಎಷ್ಟು ತೂಕ ಇಳಿಯುವುದು ಸುರಕ್ಷಿತ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ:
1. ದೋಣಿ ನಡೆಸಿದುದರಿಂದ ಬ್ಯಾಂಟಿಂಗನ ತೂಕ ಇಳಿಯಲಿಲ್ಲವೇಕೆ?
2. ಕುದುರೆಯ ಹೋಲಿಕೆಯಿಂದ ಬ್ಯಾಂಟಿಂಗನು ಏನನ್ನು ವಿವರಿಸಿದನು?
3. ಬ್ಯಾಂಟಿಂಗನ ಪಟ್ಟಿಯಲ್ಲಿ ಇಂದು ಬಿಡಬೇಕಾದುದು ಯಾವುದು? ಅವನ ನಡೆಯಲ್ಲಿ ಉಳಿಸಿಕೊಳ್ಳಬೇಕಾದುದು ಯಾವುದು?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ:
1. ಮಿನ್ನೆಸೋಟ ಪ್ರಯೋಗವನ್ನು ವಿವರಿಸಿ, ಅದರಿಂದ ತಿಳಿದುಬರುವ ಪಾಠವನ್ನು ಬರೆಯಿರಿ.
2. ‘ಪಥ್ಯ’ ಎಂಬ ಮಾತಿನ ರೂಢಿಯ ಅರ್ಥಕ್ಕೂ ಮೂಲಾರ್ಥಕ್ಕೂ ಇರುವ ವ್ಯತ್ಯಾಸವನ್ನು ಪಾಠದ ಆಧಾರದಿಂದ ನಿರೂಪಿಸಿ.

ಈ) ಸಂದರ್ಭ ಸೂಚಿಸಿ, ಸ್ವಾರಸ್ಯವನ್ನು ವಿವರಿಸಿ:
1. “ಎರಡನೆಯದನ್ನು ತೂಗುವ ತಕ್ಕಡಿಯಿಲ್ಲ.”
2. “ಬಂದುದೂ ಚಮಚದಲ್ಲಿ, ಹೋಗಬೇಕಾದುದೂ ಚಮಚದಲ್ಲಿ.”

ಉ) ಭಾಷಾಭ್ಯಾಸ:
1. ಬಿಡಿಸಿ, ಸಂಧಿಯನ್ನು ಹೆಸರಿಸಿ: ಮಿತಾಹಾರ, ಊಟವನ್ನು, ಒಮ್ಮೊಮ್ಮೆ.
2. ವಿಗ್ರಹಿಸಿ, ಸಮಾಸವನ್ನು ಹೆಸರಿಸಿ: ಮೈಭಾರ, ಕಿರುಹೊತ್ತಗೆ.
3. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ – ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ.